ನಾರ್ವೆಯ ಮೆದು ನೀರು ಮತ್ತು ನನ್ನ ಕೈಗುಣ

ಉಪ್ಪಲ್

ನಾನು ವಿದೇಶಕ್ಕೆ ಹೋದದ್ದು ಒಂದೇ ಸಲ. ಅಲ್ಲಿ ಏನು ನೋಡಿದೆ ಎಂದು ಕೇಳಿದವರಿಗೆಲ್ಲ ಸಮುದ್ರ, ಗುಡ್ಡ, ಮಂಜು ಎಂದು ಹೇಳಿ ಕಳಿಸಿದ್ದೇನೆ. ಅಲ್ಲಿ ಏನು ಮಾಡಿದೆ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಈಗ ಎಪ್ಪತ್ತು ದಾಟಿದೆ. ಹಲ್ಲು ಮುಕ್ಕಾಲು ಹೋಗಿವೆ. ಸುಳ್ಳನ್ನು ಅಗಿಯುತ್ತ ಕೂರುವ ಶಕ್ತಿ ಉಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಯಾದಗಿರಿ ಕಡೆಯವನು, ಹೆಸರು ಸಿದ್ರಾಮಪ್ಪ. ಮ್ಯಾಟ್ರಿಕ್ ಪಾಸಾಗಿ, ಗೌಂಡಿ ಕೆಲಸ ಕಲಿತು ಹೈದರಾಬಾದಿಗೆ ಬಂದೆ. ಉಪ್ಪಲ್ ಆಚೆ ಒಬ್ಬ ಯಜಮಾನರು ಸಿಮೆಂಟಿನ ಉದ್ದುದ್ದ ಹೊಂಡ ಕಟ್ಟಿಸಿದರು. ಮೀನು ಸಾಕುತ್ತಾರೆ ಎಂದುಕೊಂಡು ಕಟ್ಟಿಕೊಟ್ಟೆ. ಅವರು ಅದರಲ್ಲಿ ಪಾಚಿ ಬೆಳೆಸಿದರು. ನಮ್ಮ ಕಡೆ ಹೊಂಡಕ್ಕೆ ಪಾಚಿ ಕಟ್ಟಿದರೆ ಗೌಂಡಿಯನ್ನು ಬೈಯುತ್ತಾರೆ. ಇಲ್ಲಿ ಪಾಚಿ ಬಂದ ದಿನ ಪೇಢೆ ಹಂಚಿದರು. ಇದೆಂಥ ಮಂದಿ ನೋಡೋಣ ಎಂದು ಅಲ್ಲೇ ಕೆಲಸಕ್ಕೆ ನಿಂತೆ. ನನ್ನ ಜೊತೆಯ ಗೌಂಡಿಗಳೆಲ್ಲ ಊರಿನ ಆ ತುದಿಗೆ ಹೋದರು. ಅಲ್ಲಿ ಆಗ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ದಿನಕ್ಕೊಂದು ಅಂತಸ್ತು ಏಳುತ್ತಿದ್ದವು. ನಾನು ಈ ತುದಿಯಲ್ಲಿ ಪಾಚಿ ಕದಡುತ್ತ ಉಳಿದೆ.

ಆ ಪಾಚಿ ನೋಡಲು ಕಡು ಹಸಿರು. ಆದರೆ ಅದರ ಹೊಟ್ಟೆಯಲ್ಲಿ ಒಂದು ನೀಲಿ ಪ್ರೋಟೀನ್ ಅಡಗಿ ಕೂತಿರುತ್ತದೆ. ಒಣಗಿಸಿ ಪುಡಿ ಮಾಡಿದ ಪಾಚಿಯನ್ನು ನೀರಲ್ಲಿ ನೆನೆಹಾಕಿದರೆ ನೀಲಿ ಹೊರಗೆ ಬರುತ್ತದೆ. ತೊಂದರೆ ಏನೆಂದರೆ ಅದೊಂದೇ ಬರುವುದಿಲ್ಲ. ಊಟಕ್ಕೆ ಒಬ್ಬನನ್ನು ಕರೆದರೆ ಹಿಂದೆ ಓಣಿಯೇ ಬಂದಂತೆ ಹಸಿರು ಬಣ್ಣ, ಬೇರೆ ಪ್ರೋಟೀನುಗಳು, ಕಸ ಎಲ್ಲ ಕೂಡಿಯೇ ಬರುತ್ತವೆ. ಅವನ್ನೆಲ್ಲ ಬಾಗಿಲಲ್ಲಿ ತಡೆದು ನೀಲಿಯನ್ನಷ್ಟೇ ಒಳಗೆ ಬಿಡುವುದು ನಮ್ಮ ಕೆಲಸ. ಯಂತ್ರದಲ್ಲಿ ಗರಗರ ತಿರುಗಿಸಿ ಕಸವನ್ನು ತಳಕ್ಕೆ ಇಳಿಸುತ್ತೇವೆ. ಒಂದು ಬಗೆಯ ಉಪ್ಪನ್ನು ಚೂರುಚೂರೇ ಬೆರೆಸಿದರೆ ನೀಲಿ, ಒಡೆದ ಹಾಲಿನಂತೆ, ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಅದನ್ನು ತೆಳು ಪೊರೆಯ ಚೀಲದಲ್ಲಿ ಕಟ್ಟಿ ನೀರಲ್ಲಿ ಬಿಟ್ಟರೆ ಉಪ್ಪು ಹೊರಗೆ ಹೋಗುತ್ತದೆ, ನೀಲಿ ಒಳಗೆ ಉಳಿಯುತ್ತದೆ. ಒಣಗಿಸಿದರೆ ಪುಡಿ. ಐಸ್‌ಕ್ರೀಮು, ಪೆಪ್ಪರಮೆಂಟುಗಳಿಗೆ ಬಣ್ಣ ಕಟ್ಟಲು ಹೊರದೇಶದವರು ಮುಗಿಬಿದ್ದು ಕೊಳ್ಳುತ್ತಾರೆ. ಎಷ್ಟು ಶುದ್ಧ ಎಂದು ಹೇಳಲು ಒಂದು ಯಂತ್ರವಿದೆ. ಅದು ನೀಲಿಯ ಮೂಲಕ ಬೆಳಕು ಹಾಯಿಸಿ ಒಂದು ಅಂಕಿ ತೋರಿಸುತ್ತದೆ. ಅಂಕಿ ಏರಿದರೆ ಲ್ಯಾಬಿನಲ್ಲಿ ನಗು. ಇಳಿದರೆ ಎಲ್ಲರಿಗೂ ಏಕಾಏಕಿ ಬೇರೆ ಕೆಲಸ ನೆನಪಾಗುತ್ತದೆ.

ಈ ಅಂಕಿಯನ್ನು ಬರೆದಿಡುವವರು ಮಾಲತಿ ಮೇಡಂ. ಮೈಸೂರು ಕಡೆಯ ಮನೆತನ. ತಂದೆ ಸರ್ಕಾರಿ ಕಾರ್ಖಾನೆಯಲ್ಲಿದ್ದುದರಿಂದ ಹುಟ್ಟಿ ಬೆಳೆದದ್ದೆಲ್ಲ ಕುಷಾಯಿಗೂಡದಲ್ಲಿ. ನನ್ನ ಮಗಳ ವಯಸ್ಸಿನವರು. ನನ್ನನ್ನು ಕಾಕಾ ಎನ್ನುತ್ತಿದ್ದರು. ಹಗಲೆಲ್ಲ ಕೆಲಸ ಮಾಡಿ, ಉಳಿದ ಹೊತ್ತಿನಲ್ಲಿ ಇದೇ ನೀಲಿಯ ಮೇಲೆ ಡಾಕ್ಟರೇಟಿಗೆ ಪ್ರಬಂಧ ಬರೆಯುತ್ತಿದ್ದರು. ನಾನು ತೆಗೆದ ನೀಲಿ, ಅವರು ಬರೆದ ಅಂಕಿ. ಮೂರು ವರ್ಷದ್ದು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ನೆನೆಹಾಕಲು ಬಟ್ಟಿ ಇಳಿಸಿದ ನೀರೇ ಬೇಕು ಎಂಬುದು ಮೇಡಂ ಅವರ ಕಟ್ಟಪ್ಪಣೆ. ಬಟ್ಟಿ ಎಂದೊಡನೆ ಓದುಗರು ಬೇರೆ ಏನನ್ನೋ ನೆನೆಸಿಕೊಳ್ಳಬಾರದು. ನೀರನ್ನು ಕಾಯಿಸಿ, ಆವಿಯನ್ನು ತಣಿಸಿ, ಹನಿಹನಿಯಾಗಿ ಹಿಡಿಯುವ ಗಾಜಿನ ಯಂತ್ರ ಅದು. ಒಂದು ಕ್ಯಾನು ತುಂಬಲು ಅರ್ಧ ದಿನ. ಬಿಟ್ಟು ಎದ್ದು ಹೋಗುವ ಹಾಗಿಲ್ಲ. ನಲ್ಲಿ ನಿಂತರೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ಒಂದು ಭಾನುವಾರ ಕುಷಾಯಿಗೂಡದ ಗೆಳೆಯನ ಮನೆಯಲ್ಲಿ ಕೇರಂ ಪಂದ್ಯ ಇತ್ತು. ನಾನು ಬೋರಿನ ನಲ್ಲಿಗೆ ಕ್ಯಾನು ಹಿಡಿದು ಎರಡು ನಿಮಿಷದಲ್ಲಿ ತುಂಬಿಸಿ, ಪಾಚಿ ನೆನೆಹಾಕಿ, ಪಂದ್ಯಕ್ಕೆ ಹೋದೆ. ಸೋತೆ.

ಮಾರನೆ ದಿನ ನೋಡಿದರೆ ನೀಲಿ ಎಂದೂ ಬಾರದಷ್ಟು ತಿಳಿಯಾಗಿ ಬಂದಿತ್ತು. ಹಸಿರೆಲ್ಲ ತಳದಲ್ಲಿ ಗಸಿಯಾಗಿ ಕೂತಿತ್ತು. ಅಂಕಿ ಏರಿತ್ತು. ಮೇಡಂ ಕುಣಿಯುವುದೊಂದು ಬಾಕಿ.

"ಕಾಕಾ, ಏನು ಮಾಡಿದ್ರಿ?"

ಅವತ್ತೇ ಹೇಳಬಹುದಿತ್ತು. ಬೈಸಿಕೊಳ್ಳುವ ಭಯ. "ಏನಿಲ್ರಿ, ದಿನಾ ಮಾಡ್ದಂಗ ಮಾಡೀನಿ," ಎಂದೆ.

ಅಂದಿನಿಂದ ಬಟ್ಟಿಯ ಮುಂದೆ ಕೂರುವುದನ್ನು ಬಿಟ್ಟೆ. ನಾನು ಮಾಡಿದಾಗಲೆಲ್ಲ ನೀಲಿ ತಿಳಿ. ನಾನು ರಜೆ ಹಾಕಿದರೆ ಬೇರೆಯವರು ಪ್ರಾಮಾಣಿಕವಾಗಿ ಬಟ್ಟಿ ನೀರಲ್ಲಿ ನೆನೆಹಾಕಿ ಮಬ್ಬು ನೀಲಿ ತೆಗೆಯುತ್ತಿದ್ದರು. ಹೀಗೆ ಮೂರು ನಾಲ್ಕು ಸಲ ಆದ ಮೇಲೆ ಕಾರ್ಖಾನೆಯಲ್ಲಿ ಒಂದು ಮಾತು ಹುಟ್ಟಿತು: ಸಿದ್ರಾಮ ಕಾಕಾನ ಕೈಗುಣ. ನಾನು ಆ ಮಾತಿಗೆ ನೀರೆರೆದೆ, ಗೊಬ್ಬರ ಹಾಕಿದೆ. ಚಪ್ಪಲಿ ಹೊರಗೆ ಬಿಡುತ್ತಿದ್ದೆ. ಪಾತ್ರೆಗೆ ಕೈ ಮುಗಿಯುತ್ತಿದ್ದೆ. "ಯಾರೂ ಒಳಗ ಬರಬ್ಯಾಡ್ರಿ, ದೃಷ್ಟಿ ತಾಗ್ತದ" ಎಂದು ಬಾಗಿಲು ಹಾಕುತ್ತಿದ್ದೆ. ಬಾಗಿಲ ಹಿಂದೆ ನಾನು ಮಾಡುತ್ತಿದ್ದುದು ನಲ್ಲಿ ತಿರುಗಿಸುವ ಕೆಲಸ. ಡಿಗ್ರಿ ಮೇಲೆ ಡಿಗ್ರಿ ಓದಿದವರು ಹೊರಗೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು. ಮ್ಯಾಟ್ರಿಕ್ ಪಾಸಾದವನಿಗೆ ಇದಕ್ಕಿಂತ ಸುಖ ಬೇರೆ ಯಾವುದಿದೆ ಹೇಳಿ.

ಬೇಗಂಪೇಟೆ

ನಾರ್ವೆ ದೇಶದ ಒಂದು ಕಂಪನಿಯವರು ನಮ್ಮ ನೀಲಿಯ ಮಾದರಿ ನೋಡಿ ಮರುಳಾದರು. ದೊಡ್ಡ ಆರ್ಡರು ಕೊಡುವ ಮೊದಲು ತಮ್ಮ ಲ್ಯಾಬಿನಲ್ಲಿ, ತಮ್ಮ ಕಣ್ಣೆದುರು ತೆಗೆದು ತೋರಿಸಬೇಕು ಎಂದರು. ಮೇಡಂ ಹೋಗುವುದೆಂದಾಯಿತು. ಯಜಮಾನರು ನನ್ನನ್ನೂ ಅವರ ಜೊತೆಗೆ ಕಟ್ಟಿದರು.

"ಕಾಕಾ, ಉಧರ್ ಭೀ ಅಪನೆ ಹಾಥ್ ಕಾ ಕಮಾಲ್ ದಿಖಾನಾ," ಅಲ್ಲೂ ನಿನ್ನ ಕೈಗುಣ ತೋರಿಸು ಎಂದು ಬೆನ್ನು ತಟ್ಟಿದರು.

ಮೇಡಂಗೆ ನಾಚಿಕೆ. "ಅವರು ಕೇಳಿದ್ರೆ ಇವರನ್ನ ಯಾಕೆ ಕರ್ಕೊಂಡು ಬಂದ್ರಿ ಅಂತ ಏನು ಹೇಳಲಿ ಸಾರ್? ಕೈಗುಣಕ್ಕೆ ಇಂಗ್ಲಿಷಲ್ಲಿ ಏನಂತಾರೆ?"

"ಟೆಕ್ನೀಷಿಯನ್ ಅನಿ ಚೆಪ್ಪಮ್ಮಾ," ಎಂದರು ಯಜಮಾನರು. ಹೀಗೆ ನಾನು ಟೆಕ್ನೀಷಿಯನ್ ಆದೆ.

ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ಆಗಿನ ದಿನಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಎಲ್ಲರ ಹೆಗಲಿಗೂ ಒಂದೇ ಬಗೆಯ ಕಪ್ಪು ಚೀಲ, ಕಂಪ್ಯೂಟರ್ ಇಟ್ಟದ್ದು. ಒಬ್ಬೊಬ್ಬನನ್ನು ಕಳಿಸಲು ಇಪ್ಪತ್ತು ಜನ. ಹೂವಿನ ಹಾರ, ಆವಕಾಯಿ ಡಬ್ಬಿ, ಅಳು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ತರುಣನೊಬ್ಬ ನನ್ನ ಧೋತರ, ಟೋಪಿ, ಎದೆಗೆ ಅವಚಿಕೊಂಡ ತಂಪು ಪೆಟ್ಟಿಗೆ ನೋಡಿ ಹಿಂದಿಯಲ್ಲಿ ಕೇಳಿದ, "ಅಂಕಲ್, ನೀವೂ ಪ್ರಾಜೆಕ್ಟ್ ಮೇಲೆ ಹೋಗ್ತಿದ್ದೀರಾ? ಯಾವ ಟೆಕ್ನಾಲಜಿ?"

"ಪಾಚಿ," ಎಂದೆ.

"ಹೊಸದಾ?"

"ಇಲ್ಲಪ್ಪಾ, ಭಾಳ ಹಳೇದು. ಮನುಷ್ಯಾರಿಗಿಂತ ಮೊದಲಿಂದು."

ಅವನು ತಲೆದೂಗಿ, ಅದಕ್ಕೀಗ ಬೇಡಿಕೆ ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದೆ.

ಪೆಟ್ಟಿಗೆಯಲ್ಲಿ ಪಾಚಿಯ ಪುಡಿ ಮೂರು ಪೊಟ್ಟಣ ಇತ್ತು. ಮೂರು ಸಲ ಮಾಡಿ ತೋರಿಸುವಷ್ಟು. ತಪಾಸಣೆಯವನು ಪೊಟ್ಟಣ ಬಿಚ್ಚಿ ಮೂಸಿ, ಮುಖ ಸಿಂಡರಿಸಿ, ನನ್ನನ್ನು ನೋಡಿದ. ಮೇಡಂ ಕಾಗದಗಳನ್ನು ತೋರಿಸುವಷ್ಟರಲ್ಲಿ ನಾನು ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟೆ. ವಿಷವಲ್ಲ ಎಂದು ತೋರಿಸಲು. ತಪಾಸಣೆಯವನು ನಕ್ಕು ಬಿಟ್ಟುಕೊಟ್ಟ. ಹಲ್ಲು ಹಸಿರಾಗಿದೆ ಎಂದು ವಿಮಾನದ ಹುಡುಗಿಯರು ನನ್ನನ್ನು ನೋಡಿ ನಗುವಾಗ ಗೊತ್ತಾಯಿತು. ಅಲ್ಲಿಯವರೆಗೆ ದಾರಿಯಲ್ಲಿ ಕಂಡ ನಗುವೆಲ್ಲ ನನ್ನ ಟೋಪಿಗೆ ಸಿಕ್ಕ ಗೌರವ ಎಂದುಕೊಂಡಿದ್ದೆ.

ನಾರ್ವೆ: ಸ್ನಾನದ ಮನೆ

ನಾವು ಇಳಿದುಕೊಂಡ ಊರು ಸಮುದ್ರದ ದಂಡೆಯಲ್ಲಿದೆ. ಅದರ ಹೆಸರನ್ನು ಮೇಡಂ ಹೇಳಿಕೊಟ್ಟಂತೆ ಹೇಳಲು ನನ್ನ ಉಳಿದ ಹಲ್ಲುಗಳು ಸಾಲವು. ಗುಡ್ಡದಿಂದ ನೀರು ಎಲ್ಲಿ ಬೇಕೆಂದರಲ್ಲಿ ಇಳಿಯುತ್ತಿರುತ್ತದೆ. ಯಾರೂ ಕೊಡ ಹಿಡಿದು ನಿಂತದ್ದು ಕಾಣಲಿಲ್ಲ.

ಬಸ್ಸಿನಲ್ಲಿ ಅಲ್ಲಿಯವರು ಪರಸ್ಪರ ಪಕ್ಕದಲ್ಲಿ ಕೂರುವುದಿಲ್ಲ. ನನಗಿದು ತಿಳಿಯದು. ಇಡೀ ಬಸ್ಸು ಖಾಲಿ, ಒಬ್ಬನೇ ಒಬ್ಬ ಕಿಟಕಿಯ ಹತ್ತಿರ ಕೂತಿದ್ದ. ಪಾಪ, ಬೇಜಾರಾಗಿರಬೇಕು ಎಂದು ಹೋಗಿ ಪಕ್ಕದಲ್ಲಿ ಕೂತೆ. ಅವನು ನನ್ನನ್ನೊಮ್ಮೆ, ಖಾಲಿ ಸೀಟುಗಳನ್ನೊಮ್ಮೆ ನೋಡಿ ಮುಂದಿನ ನಿಲುಗಡೆಯಲ್ಲಿ ಇಳಿದೇ ಹೋದ. ಅವನ ಊರು ಬಂತೋ ಇಲ್ಲವೋ. ಉಪ್ಪಲ್ ಬಸ್ಸಿನಲ್ಲಾಗಿದ್ದರೆ ಅಷ್ಟರಲ್ಲಿ ನನ್ನ ಊರು, ಸಂಬಳ, ಮೂಲವ್ಯಾಧಿ ಎಲ್ಲ ವಿಚಾರಿಸಿ ಮುಗಿಸುತ್ತಿದ್ದರು.

ಮೊದಲ ಬೆಳಿಗ್ಗೆ ಸ್ನಾನಕ್ಕೆ ನಿಂತೆ. ಹೈದರಾಬಾದಿನ ಬೋರಿನ ನೀರಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಆ ಅಭ್ಯಾಸಬಲದಿಂದ ಜೋರಾಗಿ ತಿಕ್ಕಿದೆ. ಮೊಳದುದ್ದ ನೊರೆ ಎದ್ದಿತು. ಸರಿ, ತೊಳೆದುಕೊಳ್ಳೋಣ ಎಂದರೆ ಹೋಗಲೊಲ್ಲದು. ನೀರು ಸುರಿದಷ್ಟೂ ಮೈ ಮೀನಿನಂತೆ ಜಾರುತ್ತದೆ. ಕಾಲು ತೊಳೆಯಲು ಬಗ್ಗಿದವನು ಜಾರಿ ಪರದೆ ಹಿಡಿದೆ. ಪರದೆ ಕಿತ್ತು ಕೈಗೆ ಬಂತು. ಅದನ್ನೇ ಸುತ್ತಿಕೊಂಡು ಗೋಡೆ ತಟ್ಟಿದೆ. ಪಕ್ಕದ ಕೋಣೆ ಮೇಡಂ ಅವರದು.

"ಮೇಡಂ, ಇಲ್ಲಿ ಸೋಪು ಮೈ ಬಿಟ್ಟು ಹೋಗವಲ್ದರಿ! ಅರ್ಧ ತಾಸಾತು!"

ಗೋಡೆಯ ಆ ಕಡೆಯಿಂದ ನಗು. "ಹೋಗಿದೆ ಕಾಕಾ, ನಿಮಗೆ ಹಾಗೆ ಅನಿಸ್ತಿದೆ ಅಷ್ಟೇ. ಇದು ಮೆದು ನೀರು. ನಮ್ಮ ಬೋರಿನ ನೀರಿನ ಹಾಗೆ ಇದರಲ್ಲಿ ಸುಣ್ಣ ಇಲ್ಲ. ಒರೆಸ್ಕೊಂಡು ಬನ್ನಿ."

ಸುಣ್ಣ ಇಲ್ಲ.

ಒಂಬತ್ತನೇ ಇಯತ್ತೆಯ ರಸಾಯನಶಾಸ್ತ್ರದ ಪಾಠ ಹೊರಗೆ ಬಂದು ನಿಂತಿತು: ಗಡಸು ನೀರು, ಮೆದು ನೀರು, ವ್ಯತ್ಯಾಸಗಳನ್ನು ಬರೆಯಿರಿ. ನನ್ನ ಕೈಗುಣ ಅಂದರೆ ಏನು ಎಂದು ಮೂರು ವರ್ಷದಲ್ಲಿ ಮೊದಲ ಸಲ ನನಗೇ ಗೊತ್ತಾಯಿತು. ಅದು ಉಪ್ಪಲ್ಲಿನ ನೆಲದ ಕೆಳಗಿನ ಸುಣ್ಣ. ಅದನ್ನು ಉಪ್ಪಲ್ಲಿನಲ್ಲೇ ಬಿಟ್ಟು ಬಂದಿದ್ದೆ. ಇನ್ನೆರಡು ತಾಸಿಗೆ ಲ್ಯಾಬಿನಲ್ಲಿ ನೀಲಿ ತೆಗೆಯಬೇಕಿತ್ತು.

ಲ್ಯಾಬು: ಮೊದಲ ದಿನ

ನಮ್ಮನ್ನು ನೋಡಿಕೊಳ್ಳಲು ಇಂಗ್ರಿಡ್ ಎಂಬ ಹುಡುಗಿ ಇದ್ದಳು. ಲ್ಯಾಬು ಎಷ್ಟು ಚೊಕ್ಕ ಎಂದರೆ ಎಲ್ಲಿ ಕೈ ಇಡಬೇಕೆಂದು ತಿಳಿಯಲಿಲ್ಲ. ಮೂಲೆಯ ತೊಟ್ಟಿಯಲ್ಲಿ ಬಿಳಿ ಗಡ್ಡದ ಮುದುಕನೊಬ್ಬ, ಸವೆದ ಸ್ವೆಟರಿನವನು, ಕಾಫಿ ಕಪ್ಪುಗಳನ್ನೂ ಗಾಜಿನ ಪಾತ್ರೆಗಳನ್ನೂ ತೊಳೆಯುತ್ತಿದ್ದ. ಇಡೀ ನಾರ್ವೆಯಲ್ಲಿ ನನ್ನ ದರ್ಜೆಯವನು ಇವನೊಬ್ಬ ಸಿಕ್ಕ ಎಂದು ಸಮಾಧಾನವಾಯಿತು. ಹೋಗಿ ಪಕ್ಕದಲ್ಲಿ ನಿಂತು ಅವನು ತೊಳೆದದ್ದನ್ನು ಒರೆಸಿಟ್ಟೆ. ಒಂದು ಪಾತ್ರೆಯ ಕತ್ತಿನಲ್ಲಿ ಕಲೆ ಉಳಿದಿತ್ತು. ಅದನ್ನು ಅವನ ಕೈಗೇ ವಾಪಸು ಕೊಟ್ಟು, ಹೀಗಲ್ಲ, ಹೀಗೆ ತಿಕ್ಕಬೇಕು ಎಂದು ಸನ್ನೆಯಲ್ಲಿ ಕಲಿಸಿದೆ. ಕಲಿತುಕೊಂಡ.

ಊಟದ ಹೊತ್ತಿಗೆ ಅವರೆಲ್ಲ ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡು ಬಿಚ್ಚಿದರು. ಮೇಲೆ ಕಂದು ಬಣ್ಣದ ಚೀಸು. ಖೋವಾಕ್ಕೆ ಉಪ್ಪು ಬಿದ್ದಂಥ ರುಚಿ. ನಾನು ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಬಿಚ್ಚಿದೆ. ಗಡ್ಡದವನು ರೊಟ್ಟಿಯ ಮೇಲೆ ಆ ಚೀಸು ಇಟ್ಟು, ಅದರ ಮೇಲೆ ಹಿಂಡಿ ಉದುರಿಸಿ ತಿಂದ. ಕಣ್ಣಲ್ಲಿ ನೀರು ಬಂತು. ಮತ್ತೆ ಕೈ ಚಾಚಿದ.

ನೀಲಿಯ ಮಾತು ಎಷ್ಟು ಮುಂದೂಡಿದರೂ ಹೇಳಲೇಬೇಕು. ಬೆಳಿಗ್ಗೆಯೇ ಮೇಡಂ ತಮ್ಮ ಕೈಯಿಂದ, ತಮ್ಮ ಪುಸ್ತಕದಲ್ಲಿ ಬರೆದಿದ್ದಂತೆ, ಅಲ್ಲಿಯ ಬಟ್ಟಿ ನೀರಲ್ಲಿ ಪುಡಿ ನೆನೆಹಾಕಿದ್ದರು. ಮಧ್ಯಾಹ್ನ ತಿರುಗಿಸಿ ತೆಗೆದರೆ ಹಸಿರೂ ನೀಲಿಯೂ ಕಲೆತ ಕೊಚ್ಚೆ. ಅಂಕಿ ನೆಲ ಕಚ್ಚಿತ್ತು. ಇಂಗ್ರಿಡ್ ತಾನು ಏನಾದರೂ ತಪ್ಪು ಮಾಡಿದೆನೇ ಎಂದು ಕ್ಷಮೆ ಕೇಳಿದಳು. ಅದು ಇನ್ನೂ ಕಷ್ಟವಾಯಿತು.

ಮೇಡಂ ಪುಸ್ತಕದ ಹಾಳೆ ಹಿಂದಕ್ಕೂ ಮುಂದಕ್ಕೂ ತಿರುವುತ್ತಿದ್ದರು. "ಇದೇ ಪುಡಿ, ಇದೇ ಅಳತೆ, ಇದೇ ಹೊತ್ತು. ಅಲ್ಲ ಕಾಕಾ, ಮತ್ತೇನು ಬೇರೆ ಇದೆ ಇಲ್ಲಿ?"

ನೀರು ಎಂಬ ಎರಡಕ್ಷರ ನನ್ನ ಬಾಯಲ್ಲೇ ಇತ್ತು. "ಹವಾ ಬ್ಯಾರೆ ಐತಲ್ರಿ," ಎಂದೆ.

ಎರಡನೇ ದಿನ

ಅಂದು ಮೇಡಂ ನನ್ನನ್ನು ಪಡಸಾಲೆಗೆ ಕರೆದೊಯ್ದರು. ಗೋಡೆ ನೋಡುತ್ತ ಮಾತಾಡಿದರು.

"ಕಾಕಾ, ನಾನು ಇದನ್ನೆಲ್ಲ ನಂಬೋಳಲ್ಲ, ನಿಮಗೂ ಗೊತ್ತು. ಆದ್ರೂ... ಇವತ್ತು ನೀವೇ ಮಾಡಿ. ಈ ಅಂಕಿ ಬರದೇ ಹೋದ್ರೆ ಮೂರು ವರ್ಷದಿಂದ ನಾನು ಇವರಿಗೆ ಕಳಿಸಿದ್ದೆಲ್ಲ ಸುಳ್ಳು ಅಂತಾರೆ. ನನ್ನ ಪ್ರಬಂಧಾನೂ ಅದೇ ಅಂಕಿಗಳ ಮೇಲೆ ನಿಂತಿದೆ. ಊರಿಗೆ ಹೋದ ತಕ್ಷಣ ಒಪ್ಪಿಸಬೇಕು."

ಅಷ್ಟು ಓದಿದ ಹೆಣ್ಣುಮಗಳು ನನ್ನಂಥವನ ಕೈಗುಣದ ಮುಂದೆ ತಲೆ ತಗ್ಗಿಸಿ ನಿಂತದ್ದು ನೋಡಿಯೂ ನಾನು ಬಾಯಿ ಬಿಡಲಿಲ್ಲ. ಬದಲಿಗೆ ಬುದ್ಧಿ ಓಡಿತು. ಸುಣ್ಣ ತಾನೇ ಬೇಕು? ಎಲೆ ಅಡಿಕೆಯ ಚಂಚಿ ನನ್ನ ಸೊಂಟದಲ್ಲೇ ಇದೆ. ಅದರಲ್ಲಿ ಸುಣ್ಣದ ಡಬ್ಬಿ ಇದೆ.

"ಎಲ್ಲಾರೂ ಹೊರಗ ಹೋಗ್ರಿ," ಎಂದೆ. ಯಾಕೆ ಎಂದು ಇಂಗ್ರಿಡ್ ಕೇಳಿದಳು. ಪ್ರಾರ್ಥನೆ ಎಂದು ಮೇಡಂ ಕೆಂಪಗಾಗಿ ಹೇಳಿದರು. ಎಲ್ಲರೂ ಹೋದರು, ತೊಟ್ಟಿಯ ಹತ್ತಿರದ ಗಡ್ಡದವನೊಬ್ಬ ಉಳಿದ. ನಮ್ಮವನೇ, ಇರಲಿ ಎಂದುಕೊಂಡೆ. ಡಬ್ಬಿ ತೆಗೆದು, ಒಂದು ಬೆರಳು ಸುಣ್ಣ ತೆಗೆದು ನೀರಿಗೆ ಕದಡಿದೆ. ಸಾಲದೇನೋ ಎಂದು ಇನ್ನೊಂದು ಬೆರಳು. ತಿರುಗಿ ನೋಡಿದರೆ ಅವನು ಕಪ್ಪು ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾನೆ. ನಾನು ಕಣ್ಣು ಹೊಡೆದು ತುಟಿಯ ಮೇಲೆ ಬೆರಳಿಟ್ಟೆ. ಅವನೂ ತುಟಿಯ ಮೇಲೆ ಬೆರಳಿಟ್ಟ. ಕೆಲಸದವರ ಒಗ್ಗಟ್ಟು ಲೋಕದಲ್ಲೆಲ್ಲ ಒಂದೇ ಎಂದು ಹಿಗ್ಗಿದೆ.

ಪಾಠದಲ್ಲಿ ಇನ್ನೊಂದು ಸಾಲು ಇತ್ತು, ಅದು ಆಗ ನೆನಪಾಗಲಿಲ್ಲ: ಸುಣ್ಣ ಪ್ರಬಲ ಕ್ಷಾರ. ನೀರಲ್ಲಿ ಕರಗಿ ಕೂತ ನೆಲದ ಸುಣ್ಣ ಬೇರೆ, ಎಲೆಗೆ ಹಚ್ಚುವ ಸುಣ್ಣ ಬೇರೆ. ನಾಲ್ಕು ತಾಸಿನ ಮೇಲೆ ಮೇಡಂ ಬಂದು ಪಾತ್ರೆ ಎತ್ತಿ ಬೆಳಕಿಗೆ ಹಿಡಿದರು. ಹಸಿರು ತಳಕ್ಕೆ ಕೂತಿತ್ತು ನಿಜ. ಆದರೆ ನೀಲಿ ಸತ್ತುಹೋಗಿತ್ತು. ಒಲೆಯ ಬೂದಿ ಕಲಸಿದ ಬಣ್ಣ.

ಮೇಡಂ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟರು. "ನಿಮ್ಮ ತಪ್ಪೇನಿಲ್ಲ ಬಿಡಿ ಕಾಕಾ," ಎಂದರು. ಇನ್ನು ಉಳಿದದ್ದು ಒಂದು ಪೊಟ್ಟಣ.

ಮೂರನೇ ದಿನ

ಬೆಳಿಗ್ಗೆ ಮುಖ್ಯಸ್ಥರೊಡನೆ ಮಾತುಕತೆ ಎಂದು ಕರೆಸಿದರು. ಅಲ್ಲಿ ಎಲ್ಲರೂ ಬಾಗಿಲಲ್ಲಿ ಬೂಟು ಬಿಚ್ಚುತ್ತಾರೆ, ಅದೊಂದು ನಮ್ಮ ಪದ್ಧತಿ. ಕಾಲುಚೀಲದ ತೂತಿನಿಂದ ನನ್ನ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಮೇಜಿನ ಕೆಳಗೆ ಅಡಗಿಸಿ ತಲೆ ಎತ್ತಿ ನೋಡಿದರೆ, ದೊಡ್ಡ ಕುರ್ಚಿಯಲ್ಲಿ ಗಡ್ಡದವನು.

ಕಾಫಿ ಕೊಡಲು ಬಂದು ಕೂತುಬಿಟ್ಟಿದ್ದಾನೆ, ಯಾರಾದರೂ ಎಬ್ಬಿಸಿಯಾರು ಎಂದು ಕಾದೆ. ಯಾರೂ ಎಬ್ಬಿಸಲಿಲ್ಲ. ಮೇಡಂ ಅವನಿಗೆ ಸರ್ ಎಂದರು. ಅವನೇ ಮುಖ್ಯಸ್ಥ. ಅಲ್ಲಿ ಎಷ್ಟು ದೊಡ್ಡವನಾದರೂ ತನ್ನ ಪಾತ್ರೆ ತಾನೇ ತೊಳೆಯಬೇಕಂತೆ. ನಮ್ಮಲ್ಲಿ ಯಜಮಾನರು ನೀರು ಕುಡಿದ ಲೋಟ ಎತ್ತಿಡಲೂ ಒಬ್ಬ ಬೇಕು. ಆ ಕ್ಷಣಕ್ಕೆ ನಮ್ಮ ಪದ್ಧತಿಯೇ ಲೇಸೆನಿಸಿತು. ಯಾರು ಯಾರೆಂದಾದರೂ ಗೊತ್ತಾಗುತ್ತದೆ.

ಮೇಡಂ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಅಲ್ಲೊಂದು ಇಲ್ಲೊಂದು ತಿಳಿಯಿತು. ತಪ್ಪು. ನನ್ನದು. ನನ್ನ ಅಂಕಿಗಳು. ಗಡ್ಡದವರು ಮೇಡಂ ಮುಖ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ನೋಡುತ್ತಲೇ ತುಟಿಯ ಮೇಲೆ ಬೆರಳಿಟ್ಟು, ಹುಬ್ಬು ಮೇಲೆತ್ತಿದರು. ಹೀಗೇ ಸುಮ್ಮನಿರೋಣವೇ ಎಂಬಂತೆ.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಮರುಕ ಹುಟ್ಟಿ ಸತ್ಯ ಹೇಳಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ನಿಜವೇನೆಂದರೆ ಸಿಕ್ಕಿಬಿದ್ದಿದ್ದೆ. ಸಿಕ್ಕಿಬಿದ್ದದ್ದರಿಂದ ಹೇಳಿದೆ.

"ಮೇಡಂ, ಕೂಡ್ರಿ. ತಪ್ಪು ನಿಮ್ದಲ್ರಿ."

"ಕಾಕಾ, ಆಮೇಲೆ."

"ಆಮ್ಯಾಲ ಆದ್ರ ಹೇಳಾಕ ಆಗಾಂಗಿಲ್ರಿ. ನಾ ಬಟ್ಟಿ ನೀರು ಹಾಕಿಲ್ರಿ. ಬೋರಿನ ನೀರು."

"ಯಾವತ್ತು?"

"ಯಾವತ್ತೂ."

ಮೇಡಂ ಕೂತರು. "ಯಾಕೆ?"

"ಬಟ್ಟಿ ಯಂತ್ರ ಕೆಟ್ಟಿತ್ರಿ ಒಂದ್ಸಲ. ಅವತ್ತು ಹಾಕಿದ್ದು, ಹಂಗ..."

"ಆ ಯಂತ್ರ ಒಂದು ದಿನಾನೂ ಕೆಟ್ಟಿಲ್ಲ. ರಿಪೇರಿ ರಿಜಿಸ್ಟರಿಗೆ ಸೈನ್ ಮಾಡೋಳು ನಾನು." ದನಿ ತಣ್ಣಗಿತ್ತು. "ನಿಜ ಹೇಳಿ."

"ಕೇರಂ ಆಡಾಕ ಹೋಗಿದ್ದೆ."

"ಗೆದ್ರಾ?"

"ಸೋತೆ."

ಆ ಬಿಳಿ ಜನರೆಲ್ಲ ನಮ್ಮಿಬ್ಬರ ಕನ್ನಡವನ್ನು ಟೆನಿಸ್ ಆಟದಂತೆ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. "ಕ್ಯಾಲ್ಸಿಯಂ," ಎಂದರು ಮೆಲ್ಲಗೆ. ಆಮೇಲೆ ಜೋರಾಗಿ, ಇಂಗ್ರಿಡ್ ಕಡೆ ತಿರುಗಿ ಅದನ್ನೇ ಕೇಳಿದರು. ಅವಳು ಓಡಿಹೋಗಿ ಒಂದು ಸೀಸೆ ತಂದಳು. ಬಿಳಿಯ ಹರಳು. ಕ್ಷಾರವಲ್ಲದ ಸುಣ್ಣ ಎಂದು ತಿಳಿಯಿರಿ. ನಾನು ಎರಡು ದಿನ ಪಾತ್ರೆ ಒರೆಸುತ್ತ ನಿಂತ ತೊಟ್ಟಿಯ ನೆತ್ತಿಯ ಮೇಲಿನ ಹಲಗೆಯಲ್ಲೇ ಆ ಸೀಸೆ ಇತ್ತು. ನಾನು ಮೂರು ವರ್ಷ ಬಾಗಿಲು ಹಾಕಿಕೊಂಡು ಕಾಪಾಡಿದ ಗುಟ್ಟನ್ನು ಯಾವನೋ ಸೀಸೆಗೆ ತುಂಬಿ ಚೀಟಿ ಅಂಟಿಸಿ ಮಾರುತ್ತಿದ್ದ.

ಕೊನೆಯ ಪೊಟ್ಟಣ ಆ ಹರಳು ಕರಗಿಸಿದ ನೀರಲ್ಲಿ ನೆನೆಯಿತು. ಮಧ್ಯಾಹ್ನ ನೀಲಿ ಬಂತು. ಹಬ್ಬದ ದಿನದ ಸೀರೆಯಂಥ ನೀಲಿ. ಇಂಗ್ರಿಡ್ ಚಪ್ಪಾಳೆ ತಟ್ಟಿದಳು. ಅಂಕಿ ನಾವು ಕಳಿಸಿದ್ದ ವರದಿಯ ಹತ್ತಿರಕ್ಕೇ ಬಂತು.

ನಾನು ಮೇಡಂ ಹತ್ತಿರ ಸರಿದು ಪಿಸುಗುಟ್ಟಿದೆ. "ಮೇಡಂ, ಇವರಿಗೆ ಕನ್ನಡ ಬರಾಂಗಿಲ್ಲ. ನಾವು ದಿನಾ ಈ ಹರಳು ಹಾಕ್ತಿದ್ವಿ, ಮೊನ್ನೆ ಮರ್ತಿದ್ವಿ ಅಂತ ಹೇಳ್ರಿ. ಮುಗೀತು. ಗಡ್ಡದ ಸಾಹೇಬ್ರನ್ನ ನಾ ನೋಡ್ಕೋತೀನಿ."

ಅವರು ಕೂಡಲೇ ಬೈಯಲಿಲ್ಲ. ಆ ನೀಲಿಯನ್ನೇ ನೋಡುತ್ತ ನಿಂತರು. ಒಂದು ಸಲ ಬಾಗಿಲ ಕಡೆ, ಒಂದು ಸಲ ತಮ್ಮ ಪುಸ್ತಕದ ಕಡೆ ನೋಡಿದರು. ಅವರ ಮನಸ್ಸು ಆ ಕಡೆ ವಾಲಿ, ಈ ಕಡೆ ಬಂದದ್ದನ್ನು ನಾನು ಕಂಡೆ. ಆಮೇಲೆ ಹೋಗಿ ಎಲ್ಲವನ್ನೂ ಹೇಳಿದರು. ಬೋರಿನ ನೀರು, ಕೈಗುಣ, ಕೇರಂ, ಒಂದೂ ಬಿಡದೆ. ಮೂರು ವರ್ಷದ ವರದಿಗಳಲ್ಲಿ ನೀರಿನ ಬಗ್ಗೆ ಬರೆದದ್ದೆಲ್ಲ ತಪ್ಪು ಎಂದರು. ನೋಡದೆ ಸಹಿ ಹಾಕಿದ್ದು ತಾನು ಎಂದೂ ಹೇಳಿದರು.

ಗಡ್ಡದವರು ಬಹಳ ನಕ್ಕರು. ಕೇರಂ ಎಂದರೇನು ಎಂದು ಕೇಳಿ ಮತ್ತೆ ನಕ್ಕರು. ನಕ್ಕು ಮುಗಿಸಿ, ಆರ್ಡರು ಈಗ ಇಲ್ಲ ಎಂದರು. ಎಲ್ಲವನ್ನೂ ಮೊದಲಿಂದ ಮಾಡಿ, ಹರಳು ತೂಗಿ ಹಾಕಿ, ಹೊಸ ಅಂಕಿ ಕಳಿಸಿ, ಆಮೇಲೆ ನೋಡೋಣ. ಅದನ್ನೂ ಅದೇ ನಗುಮುಖದಲ್ಲೇ ಹೇಳಿದರು.

ಮರಳಿ ಉಪ್ಪಲ್

ಯಜಮಾನರು ಅರಚಾಡಿದರು, ಆದರೆ ನನ್ನನ್ನು ತೆಗೆಯಲಿಲ್ಲ. ತೆಗೆಯಬೇಡಿ ಎಂದವರು ಮೇಡಂ. ಅವರು ಪ್ರಬಂಧವನ್ನು ಒಪ್ಪಿಸಲಿಲ್ಲ. ಅರ್ಧಕ್ಕರ್ಧ ಹಾಳೆ ಹರಿದು, ಮೊದಲ ಪ್ರಯೋಗದಿಂದ ಶುರುಮಾಡಿದರು. ನನ್ನ ಜೊತೆ ಮಾತು ಮೊದಲಿನಂತೆಯೇ ಇತ್ತು; ಕಾಕಾ ಎನ್ನುವುದೂ ನಿಲ್ಲಲಿಲ್ಲ. ಕೆಲಸದ ಬಾಗಿಲು ಮಾತ್ರ ಹಗಲೆಲ್ಲ ತೆರೆದೇ ಇರುತ್ತಿತ್ತು.

ಹೊಸದಾಗಿ ಬಿ.ಎಸ್ಸಿ. ಮುಗಿಸಿದ ಒಬ್ಬ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಅವಳು ಬಂದ ಮೊದಲ ವಾರವೇ ಹರಳು ತೂಗಿ, ನೆನೆಹಾಕಿ, ತಿರುಗಿಸಿ, ಉಪ್ಪು ಬೆರೆಸಿ ನೀಲಿ ತೆಗೆದಳು. ಯಂತ್ರ ತೋರಿಸಿದ ಅಂಕಿ ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಮೂರು ವರ್ಷದಲ್ಲಿ ನನ್ನ ಕೈಯಿಂದ ಒಂದು ಸಲವೂ ಬಾರದ ಅಂಕಿ. ಬೋರಿನ ನೀರಲ್ಲಿ ಸುಣ್ಣದ ಜೊತೆ ಬೇರೆ ಏನೇನೋ ಇರುತ್ತದಂತೆ. ಅದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿಯುತ್ತಿತ್ತಂತೆ.

"ನಿನ್ನ ಕೈಗುಣ ಛಲೋ ಐತವ್ವಾ," ಎಂದೆ ಹುಡುಗಿಗೆ.

"ಕೈಗುಣ ಏನಿಲ್ಲ ಅಂಕಲ್," ಎಂದಳು ಅವಳು, "ಲೀಟರಿಗೆ ಹತ್ತು ಗ್ರಾಂ."

ಮೇಡಂ ಅಂಕಿಯನ್ನು ಬರೆದುಕೊಳ್ಳುತ್ತಿದ್ದರು. ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿಯೇ ಬಿಟ್ಟೆ.

"ಮೇಡಂ, ಆ ಕೇರಂ ಆಡಿದ ಮರುದಿನಾನ ನಾ ಹೇಳಿದ್ರ ಏನಾಗ್ತಿತ್ರಿ?"

ಅವರು ತಲೆ ಎತ್ತಲಿಲ್ಲ. ಸಿಟ್ಟಿಲ್ಲ, ಬೇಸರವಿಲ್ಲ. ಅಳತೆ ಓದಿ ಹೇಳುವ ದನಿಯಲ್ಲಿ ಹೇಳಿದರು: "ಅವತ್ತು ಸಂಜೇನೇ ನನಗೆ ಕ್ಯಾಲ್ಸಿಯಂ ಹೊಳೀತಿತ್ತು. ಆ ವಾರಾನೇ ಈ ಅಂಕಿ ಬರ್ತಿತ್ತು. ಈ ಹೊತ್ತಿಗೆ ನಾನು ಡಾಕ್ಟರ್ ಮಾಲತಿ ಆಗಿ ಒಂದು ವರ್ಷ ಆಗಿರ್ತಿತ್ತು ಕಾಕಾ."

ನಾನು ಹೋಗಿ ಬಟ್ಟಿ ಯಂತ್ರದ ಮುಂದೆ ಕೂತೆ, ಕ್ಯಾನು ತುಂಬುವವರೆಗೆ ಏಳಲಿಲ್ಲ.